ಹಟ್ಟಿಯಲ್ಲಿ ಇಲ್ಲದ ಬೂದು ಕುರಿ

“ಗುರುಗಳೇ, ಕೊಟ್ಟ ಬಣ್ಣಗಳಲ್ಲಿ ಇಲ್ಲದ ಬಣ್ಣವನ್ನು ತಂದು ಚಿತ್ರದ ಅಂಚಿಗೆ ಸೇರಿಸುವವನನ್ನು ನಂಬಬಹುದೇ?” ಎಂದು ಶಿಷ್ಯೆ ಕೇಳಿದಳು.

ಅವಳ ಹೆಸರು ವಸುಮತಿ. ಚಿಕ್ಕಂದಿನಲ್ಲಿ ಈ ಗುರುಗಳ ಬಳಿ ಚಿತ್ರ ಬರೆಯಲು ಕಲಿತವಳು. ಈಗ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಒಂದು ಸಂಸ್ಥೆಯಲ್ಲಿ ಚಿತ್ರದ ಕೆಲಸಕ್ಕೆಲ್ಲ ಅವಳೇ ಮೇಲ್ವಿಚಾರಕಿ. ಕಂಕುಳಲ್ಲಿ ಉದ್ದನೆಯ ಕಾಗದದ ಸುರುಳಿ ಇತ್ತು. ಕುಳಿತ ಮೇಲೂ ಅದನ್ನು ಕೆಳಗಿಡಲಿಲ್ಲ.

“ಯಾರ ಮಾತು ಇದು?” ಎಂದರು ಗುರುಗಳು.

“ತಿಪ್ಪೇಶ ಎಂದು ಒಬ್ಬ, ನನ್ನ ಕೈಕೆಳಗಿನವನು. ನಮ್ಮ ಆಟದಲ್ಲಿ ಒಂದು ಕೋಟೆ ಇದೆ. ಗೋಡೆ ಕಾವಿಗೆಂಪು, ಆಕಾಶ ತಿಳಿನೀಲಿ. ಕಂಪ್ಯೂಟರಿನ ಪರದೆ ಎಂದರೆ ಸಣ್ಣ ಸಣ್ಣ ಚೌಕಗಳ ಸಾಲು ಅಷ್ಟೇ. ಅದರ ಮೇಲೆ ಓರೆ ಗೆರೆ ಎಳೆದರೆ ಮೆಟ್ಟಿಲಾಗುತ್ತದೆ. ನಮ್ಮ ಕೋಟೆಯ ಕಮಾನು ಹಲ್ಲುಹಲ್ಲಾಗಿ ಕಾಣುತ್ತಿತ್ತು. ನನ್ನಿಂದಲೂ ಸರಿಹೋಗಲಿಲ್ಲ. ಇವನು ಬಂದವನೇ ನಯ ಮಾಡಿಬಿಟ್ಟ.”

“ಒಳ್ಳೆಯದೇ ಆಯಿತಲ್ಲ.”

“ಅನುಮಾನ ಬಂದದ್ದೇ ಅಲ್ಲಿ. ಅಂಚನ್ನು ಹಿಗ್ಗಿಸಿ, ಈ ಕಾಗದದಲ್ಲಿ ಅಚ್ಚು ಹಾಕಿಸಿ ನೋಡಿದೆ. ಕೆಂಪೂ ಅಲ್ಲದ, ನೀಲಿಯೂ ಅಲ್ಲದ ಮಾಸಲು ಚೌಕಗಳು. ನಾವು ಆರಿಸಿಟ್ಟ ಬಣ್ಣಗಳಲ್ಲಿ ಅವು ಇಲ್ಲವೇ ಇಲ್ಲ. ಕೇಳಿದರೆ, ‘ಇರುವುದನ್ನೇ ಬೆರೆಸಿದೆ ಮೇಡಂ’ ಎನ್ನುತ್ತಾನೆ. ಮೊದಲು ಬೇರೆ ಸಂಸ್ಥೆಯಲ್ಲಿ ಇದ್ದವನು. ಅಲ್ಲಿಯ ಚಿತ್ರವನ್ನು ಕದ್ದು ತಂದು ಅಂಟಿಸಿದ್ದಾನೆ. ಇಲ್ಲದಿದ್ದರೆ ಈ ಬಣ್ಣ ಎಲ್ಲಿಂದ ಬಂತು? ನಾಳೆ ಯಜಮಾನರ ಮುಂದೆ ಇದನ್ನು ಹರಡುತ್ತೇನೆ. ಅವನ ಕೆಲಸ ಹೋಗುತ್ತದೆ, ಹೋಗಲಿ. ಅದಕ್ಕೆ ಮೊದಲು ನಿಮ್ಮ ಬಾಯಿಂದ ಒಂದು ಮಾತು ಕೇಳೋಣವೆಂದು ಬಂದೆ.”

ಅವಳು ಸುರುಳಿಯನ್ನು ತಟ್ಟಿದಳು. ಗುರುಗಳು ಅದನ್ನು ಬಿಚ್ಚು ಎನ್ನಲಿಲ್ಲ. ಕತೆ ಹೇಳತೊಡಗಿದರು.

ಒಬ್ಬ ಕುರಿಗಾರನಿದ್ದ. ಅವನ ಹಟ್ಟಿಯಲ್ಲಿ ಕರಿ ಕುರಿಗಳಿದ್ದವು, ಬಿಳಿ ಕುರಿಗಳಿದ್ದವು. ಬೇರೆ ಬಣ್ಣದ್ದು ಒಂದೂ ಇರಲಿಲ್ಲ. ಒಂದು ವರ್ಷ ಮಂದೆಗೆ ರೋಗ ತಗುಲಿತು. ಮಂದೆ ಉಳಿದರೆ ಗುಡ್ಡದ ದೇವರ ಗದ್ದುಗೆಗೆ ಕಂಬಳಿ ಹಾಸುತ್ತೇನೆ, ಕರಿ ಕಂಬಳಿಯ ನಡುವೆ ಬಿಳಿಯ ಹುಣ್ಣಿಮೆ ಚಂದ್ರನನ್ನು ನೇಯಿಸುತ್ತೇನೆ ಎಂದು ಅವನು ಹರಕೆ ಹೊತ್ತ. ಮಂದೆ ಉಳಿಯಿತು.

ಗದ್ದುಗೆಯ ಕಂಬಳಿಗೆ ಒಂದು ಕಟ್ಟಳೆ ಇತ್ತು. ಹರಕೆ ಹೊತ್ತವನ ಹಟ್ಟಿಯ ಉಣ್ಣೆಯಲ್ಲದೆ ಬೇರೆ ಹಟ್ಟಿಯ ಒಂದು ಎಳೆಯೂ ಅದರಲ್ಲಿ ಸೇರಕೂಡದು. ಸೇರಿದರೆ ಹರಕೆ ಸಲ್ಲದು. ಸೇರಿಸಿದ ಮಗ್ಗಕ್ಕೆ ಆ ಸೀಮೆಯಲ್ಲಿ ಯಾರೂ ಮತ್ತೆ ಉಣ್ಣೆ ಕೊಡರು.

ಕುರಿಗಾರ ಯಾರ ಕೈಯನ್ನೂ ನಂಬಲಿಲ್ಲ. ತಾನೇ ಉಣ್ಣೆ ಕತ್ತರಿಸಿದ, ತಾನೇ ತೊಳೆದ, ಕರಿಯದೊಂದು ಬಿಳಿಯದೊಂದು ಗಂಟು ಕಟ್ಟಿ ಕಂಬಳಿ ನೇಯುವ ಒಬ್ಬ ಹೆಂಗಸಿನ ಮನೆಗೆ ಹೊತ್ತು ತಂದ. ಕೊಟ್ಟು ಬಂದ ಮೇಲೂ ಅವನಿಗೆ ನೆಮ್ಮದಿ ಇಲ್ಲ. ಮಂದೆ ಮೇಯಿಸುವ ನೆಪದಲ್ಲಿ ಆ ಮನೆಯ ಮುಂದೆಯೇ ಸುಳಿದಾಡಿದ. ಅವಳು ನಕ್ಕರೆ ಏಕೆ ನಕ್ಕಳು ಎಂದುಕೊಂಡ. ಬಾಗಿಲು ಮುಂದೆ ಮಾಡಿದರೆ ಏಕೆ ಮಾಡಿದಳು ಎಂದುಕೊಂಡ.

ಕಂಬಳಿ ಚಂದ್ರನವರೆಗೆ ಬಂದಾಗ ಅವನು ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕುಳಿತು, ಮಗ್ಗಕ್ಕೆ ಮೂಗು ತಾಗುವಂತೆ ಬಗ್ಗಿ ನೋಡಿದ. ಬಿಳಿ ಮುಗಿದು ಕಪ್ಪು ಹಿಡಿಯುವ ಕಡೆಯಲ್ಲೆಲ್ಲ ಬೂದು ಎಳೆಗಳಿದ್ದವು.

“ಇದೇನಮ್ಮಾ ಇದು?”

“ಚಂದ್ರನ ಅಂಚು, ಅಣ್ಣಾ.”

“ಅಂಚು ನನಗೂ ಕಾಣುತ್ತದೆ. ಈ ಬೂದು ಯಾರ ಹಟ್ಟಿಯದು? ನನ್ನ ಹಟ್ಟಿಯಲ್ಲಿ ಬೂದು ಕುರಿ ಹುಟ್ಟಿಯೇ ಇಲ್ಲ.”

“ನಿಮ್ಮ ಕರಿ ಉಣ್ಣೆಯನ್ನೂ ನಿಮ್ಮ ಬಿಳಿ ಉಣ್ಣೆಯನ್ನೂ ಕೂಡಿಸಿ ನೂತಿದ್ದೇನೆ. ಮಗ್ಗಕ್ಕೆ ಅಡ್ಡ ಗೊತ್ತು, ಉದ್ದ ಗೊತ್ತು. ದುಂಡು ಗೊತ್ತಿಲ್ಲ. ಮೆಟ್ಟಿಲು ಬೀಳುವ ಕಡೆ ಎರಡರ ನಡುವಿನ ಎಳೆ ಇಟ್ಟರೆ, ದೂರದಿಂದ ನೋಡುವವರಿಗೆ ದುಂಡಾಗಿ ಕಾಣುತ್ತದೆ.”

“ಕೂಡಿಸಿದ್ದನ್ನು ಕಂಡವರು ಯಾರು?”

“ನಾನೇ ಕಂಡಿದ್ದೇನಲ್ಲ.”

“ಓತಿಕ್ಯಾತಕ್ಕೆ ಬೇಲಿ ಸಾಕ್ಷಿ!” ಎಂದ ಕುರಿಗಾರ. “ಬಿಚ್ಚು.”

ಅವಳು ಬಿಚ್ಚಿದಳು. ಅವನು ಪಕ್ಕದಲ್ಲೇ ಕುಳಿತು ಮತ್ತೆ ನೇಯಿಸಿದ. ಕರಿ ಇರುವಲ್ಲಿ ಕರಿಯೇ, ಬಿಳಿ ಇರುವಲ್ಲಿ ಬಿಳಿಯೇ ಬಂದಿತು. ಕಿತ್ತ ಬೂದು ಎಳೆಗಳನ್ನು ಮಾತ್ರ ಎಸೆಯಗೊಡಲಿಲ್ಲ. ಎಲ್ಲವನ್ನೂ ಆಯ್ದು ತನ್ನ ಹೆಗಲವಸ್ತ್ರದ ತುದಿಯಲ್ಲಿ ಗಂಟು ಹಾಕಿಕೊಂಡ. ಹರಕೆ ಮುಗಿಯಲಿ, ಹಿರಿಯರ ಮುಂದೆ ಇದನ್ನೇ ಇಡುತ್ತೇನೆ ಎಂದುಕೊಂಡ. ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕವರಿಗೆಲ್ಲ, “ಅವಳ ಮಗ್ಗಕ್ಕೆ ಉಣ್ಣೆ ಕೊಡುವ ಮೊದಲು ಯೋಚಿಸಿ” ಎಂದು ಎಚ್ಚರಿಕೆಯನ್ನೂ ಹೇಳಿದ.

ಕಂಬಳಿ ಮುಗಿಯಿತು. ಅವನು ಅಂಚಿನ ಉದ್ದಕ್ಕೂ ಬೆರಳು ಆಡಿಸಿ ನೋಡಿದ. ಎಲ್ಲಿಯೂ ಕಲಬೆರಕೆ ಇರಲಿಲ್ಲ.

ಹರಕೆಯ ದಿನ ಕಂಬಳಿಯನ್ನು ಗದ್ದುಗೆಯ ಮೇಲೆ ಹಾಸಿದರು. ಜನ ಹೊರಗಿನ ಅಂಗಳದಲ್ಲಿ ನಿಂತು ಕೈಮುಗಿದರು. ಕೈಮುಗಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕಿ ನಕ್ಕೇಬಿಟ್ಟಳು.

“ಹರಕೆಯವನೇ, ನಿನ್ನ ಚಂದ್ರನನ್ನು ಇಲಿ ಕಡಿಯಿತೇನಪ್ಪ?”

ಪೂಜಾರಿ ಹೊರಗೆ ಬಂದು ನೋಡಿದ. “ನೀನು ಹೇಳಿಕೊಂಡದ್ದು ಹುಣ್ಣಿಮೆ ಚಂದ್ರನನ್ನು. ಇದು ಗರಗಸ. ಎತ್ತಿಕೋ. ಚಂದ್ರನಾದ ಮೇಲೆ ತಾ.”

ಕುರಿಗಾರ ದೂರದಿಂದ ನೋಡಿದ. ಚಂದ್ರನ ಸುತ್ತಲೂ ಹಲ್ಲುಗಳಿದ್ದವು. ಓಡಿಹೋಗಿ ಹತ್ತಿರದಿಂದ ನೋಡಿದ. ಒಂದು ಎಳೆಯೂ ತಪ್ಪಿರಲಿಲ್ಲ, ಎಲ್ಲವೂ ಅವನು ಇಡಿಸಿದಲ್ಲೇ ಇದ್ದವು. ಮತ್ತೆ ಅಂಗಳಕ್ಕೆ ಬಂದ. ಮತ್ತೆ ಹಲ್ಲುಗಳು.

“ಅವಳ ಕೈವಾಡ!” ಎಂದು ಕೂಗಿದ. “ನನ್ನ ಮೇಲಿನ ಸಿಟ್ಟಿಗೆ ಏನೋ ಮಾಡಿದ್ದಾಳೆ. ಹೇಗೂ ಅವಳು ಕಳ್ಳಿ. ಅದಕ್ಕೆ ಸಾಕ್ಷಿ ನನ್ನಲ್ಲಿದೆ.”

ಹಿರಿಯರ ಮುಂದೆ ಹೆಗಲವಸ್ತ್ರದ ಗಂಟನ್ನು ಬಿಚ್ಚಿದ. ಒಂದು ಬೂದು ಎಳೆಯನ್ನು ಎತ್ತಿ ಹಿಡಿದ. “ಇಗೋ, ನನ್ನ ಹಟ್ಟಿಯದಲ್ಲದ ಎಳೆ.”

ಕುರಿಗಾರರ ಬೆರಳುಗಳು ಉಣ್ಣೆ ಸಿಕ್ಕರೆ ಸುಮ್ಮನಿರುವುದಿಲ್ಲ. ಮಂದೆಯ ಹಿಂದೆ ನಡೆಯುತ್ತಲೇ ನೂಲುವವರು ಅವರು. ಮಾತಾಡುತ್ತಿರುವಾಗಲೇ ಅವನ ಬೆರಳುಗಳು ಆ ಎಳೆಯನ್ನು ಹಿಡಿದು ಹುರಿ ಬಿಚ್ಚತೊಡಗಿದವು. ಎಳೆ ಸಡಿಲಿತು, ಬಿಡಿಬಿಡಿಯಾಯಿತು. ಅವನ ಅಂಗೈಯಲ್ಲಿ ಕರಿ ಕೂದಲುಗಳು ಒಂದಿಷ್ಟು, ಬಿಳಿ ಕೂದಲುಗಳು ಒಂದಿಷ್ಟು ಉಳಿದವು. ಬೂದು ಕೂದಲು ಒಂದೂ ಇರಲಿಲ್ಲ. ತನ್ನ ಕುರಿಯ ಕೂದಲು ಯಾವ ಕುರಿಗಾರನಿಗೆ ಗುರುತು ಸಿಗದು?

ಅವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಅವಳ ಮನೆಗೆ ಓಡಿದ. ಅವನಿಗಿಂತ ಮೊದಲೇ ಅವನ ಎಚ್ಚರಿಕೆ ಊರೂರು ಸುತ್ತಿ ಬಂದಿತ್ತು. ಅವಳಿಗೆ ಉಣ್ಣೆ ಕೊಡುವವರು ಯಾರೂ ಉಳಿದಿರಲಿಲ್ಲ. ಮಗ್ಗ ಹೂಡಿದ್ದ ನೆಲದ ಗುಂಡಿ ಬರಿದಾಗಿತ್ತು. ಮಗ್ಗವನ್ನು ಬಿಚ್ಚಿಕೊಂಡು ಅವಳು ಯಾವ ಸೀಮೆಗೆ ಹೋದಳೋ ನೆರೆಯವರಿಗೂ ತಿಳಿಯದು. ಹಲ್ಲಿನ ಚಂದ್ರನನ್ನು ಹೊತ್ತು ಅವನು ಗುಂಡಿಯ ಅಂಚಿನಲ್ಲಿ ನಿಂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ವಸುಮತಿಗೆ ಕುರಿಗಾರನ ಮೇಲೆ ಸಿಟ್ಟು ಬಂದಿತ್ತು. “ಎಂಥ ಮನುಷ್ಯ! ಸಾಕ್ಷಿಯನ್ನು ಹೆಗಲ ಮೇಲೇ ಇಟ್ಟುಕೊಂಡು ತಿರುಗಿದನಲ್ಲ. ಅವಳ ಬಾಳು ಕೆಡಿಸುವ ಮೊದಲು ಒಂದೇ ಒಂದು ಎಳೆಯನ್ನು ಬಿಚ್ಚಿ ನೋಡಬಾರದಿತ್ತೇ, ಗುರುಗಳೇ?”

ಗುರುಗಳು ಅವಳ ಕಂಕುಳಲ್ಲಿದ್ದ ಸುರುಳಿಯ ಕಡೆ ನೋಡಿದರು.

“ತಿಪ್ಪೇಶನ ಒಂದು ಮಾಸಲು ಚೌಕವನ್ನು ನೀನು ಬಿಚ್ಚಿ ನೋಡಿದೆಯಾ, ಮಗಳೇ?”