ಸ್ಟುಡಿಯೋ ತುಂಬ ಅಪ್ಪಂದಿರು

ಕೇಳಿ, ಪುಟ್ಟತಾಯಮ್ಮನಿಗೆ ಮರಿಸ್ವಾಮಿ ಅಂತ ಒಬ್ಬ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ತಲೆನೋವು. ಗಂಡ ಫೋಟೋ ಸ್ಟುಡಿಯೋ ಇಟ್ಟಿದ್ದ. ಊರವರ ಮುಖವನ್ನೆಲ್ಲ ತೆಗೆದವನು ತನ್ನದು ಒಂದೇ ಒಂದು ಫೋಟೋ ಬಿಟ್ಟು ತೀರಿಕೊಂಡಿದ್ದ. ನಾಳೆ ವರ್ಷದ ಎಡೆ. ಆ ಫೋಟೋಗೆ ಕಟ್ಟು ಹಾಕಿಸಿ, ಅದರ ಮುಂದೆ ಎಡೆ ಇಡಬೇಕು. ಕಂಪ್ಯೂಟರಿನಲ್ಲೋ ಫೋಟೋಗಳಿಗೆಲ್ಲ ಬರೀ ನಂಬರು!

ಪುಟ್ಟತಾಯಮ್ಮ ಒಬ್ಬಟ್ಟಿನ ಕಣಕ ನಾದುತ್ತ ಒಳಗಿಂದ ಕೂಗಿದಳು: "ಮಗಾ, ಅಪ್ಪನ ಫೋಟೋ ಹುಡುಕಿಟ್ಟಿದ್ದೀನಿ. ಹೆಸರು ಬರೆಯೋ ಜಾಗ ತೆರೆಯೋವರೆಗೂ ಎಫ್ ಟು ಒತ್ತು. ಅಪ್ಪ ಅಂತ ಬರಿ!"

ಒತ್ತಿದ. ಪರದೆ ಮಬ್ಬಾಯಿತು. ಮತ್ತೆ ಒತ್ತಿದ. ಇನ್ನೂ ಮಬ್ಬಾಯಿತು. ಮತ್ತೂ ಒತ್ತಿದ. ಪೂರ್ತಿ ಕತ್ತಲೆ! ರಾತ್ರಿಯಾಯಿತು ಅಂತ ಮಟಮಟ ಮಧ್ಯಾಹ್ನ ಚಾಪೆ ಹಾಸಿ ಮಲಗಿಬಿಟ್ಟ.

"ಏಳೋ ಪೆದ್ದೇ! ಆ ಕೀಲಿಗೆ ಬೆಳಕು ಇಳಿಸೋ ಕೆಲಸಾನೂ ಇದೆ. ಜೊತೇಲಿ ಎಫ್ ಎನ್ ಹಿಡಕೋಬೇಕು. ಹಳೇ ನಂಬರನ್ನ ಡಿಲೀಟ್ ಒತ್ತಿ ಅಳಿಸು!" ಬೈದು, ಬೆಳಕು ಏರಿಸಿ, ಒಳಗೆ ಹೋದಳು.

ಹಳೆಯದು ಮೊದಲು ಹೋಗಲಿ ಅಂತ ಮರಿಸ್ವಾಮಿ ಹೆಸರಿನ ಜಾಗ ತೆರೆಯದೆಯೇ ಡಿಲೀಟ್ ಒತ್ತಿದ.

"ಅವ್ವಾ, ನಂಬರು ಹೋಯ್ತು! ಜೊತೇಲೇ ಅಪ್ಪನೂ ಹೋದ!"

"ಅಯ್ಯೋ, ಒಂದು ಸಲ ಕಳಕೊಂಡಿದ್ದು ಸಾಲದೇನೋ!" ಹಿಟ್ಟಿನ ಕೈಯಲ್ಲೇ ಓಡಿಬಂದು ಕಂಟ್ರೋಲ್ ಝಡ್ ಒತ್ತಿದಳು. ಫೋಟೋ ವಾಪಸು ಬಂತು. "ಡಿಲೀಟ್ ಮುಟ್ಟಿದರೆ ಕೈ ಮುರೀತೀನಿ! ಕಂಟ್ರೋಲ್ ಎ ಒತ್ತು. ಎಲ್ಲಾ ನೀಲಿ ಆಗುತ್ತೆ. ಆಮೇಲೆ ಬರಿ!"

ಈ ಸಲವೂ ಜಾಗ ತೆರೆಯುವ ಮೊದಲೇ ಒತ್ತಿದ. ಎಲ್ಲಾ ನೀಲಿಯಾಯಿತು, ಸ್ಟುಡಿಯೋದ ಅಷ್ಟೂ ಫೋಟೋ! ಅವ್ವ ಹೇಳಿದ ಹಾಗೇ ಆಯಿತಲ್ಲ ಅಂತ ಹಿಗ್ಗಿ ಎಫ್ ಎನ್ ಹಿಡಿದ, ಎಫ್ ಟು ಒತ್ತಿದ, ಅಪ್ಪ ಅಂತ ಬರೆದ, ಎಂಟರ್ ಕುಟ್ಟಿದ. ಮದುಮಗಳೂ ಅಪ್ಪ, ಮದುಮಗನೂ ಅಪ್ಪ, ತೊಟ್ಟಿಲ ಕೂಸೂ ಅಪ್ಪ, ವಿಮೆಗೆಂದು ತೆಗೆದ ಎಮ್ಮೆಯೂ ಅಪ್ಪ! ಹೆಸರಿನ ಹಿಂದೆ ಬಾಲದ ಹಾಗೆ ಒಂದೊಂದು ಅಂಕಿ, ಅಷ್ಟೇ.

"ಆಯ್ತೇನೋ?"

"ಎಲ್ಲಾ ಆಯ್ತವ್ವಾ!"

"ಪೆನ್‌ಡ್ರೈವಿಗೆ ಹಾಕ್ಕೊಂಡು ಪ್ರಿಂಟಿನ ಅಂಗಡಿಗೆ ಓಡು. ಅಲ್ಲಿ ಅಪ್ಪನ ಮುಖ ನೋಡ್ತಾ ನಿಂತ್ಕೋಬೇಡ. ಹೆಸರು ತೋರಿಸು, ಕಟ್ಟು ಹಾಕಿಸ್ಕೊಂಡು ಬಾ!"

ಅಂಗಡಿಯವನು ಮೊದಲನೆಯದನ್ನೇ ತೆರೆದು ಕಣ್ಣುಜ್ಜಿಕೊಂಡ. "ಏನಯ್ಯಾ, ಇದು ಎಮ್ಮೆ ಅಲ್ವಾ?"

"ಮುಖ ಯಾಕಣ್ಣಾ ನೋಡ್ತೀಯ? ಹೆಸರು ನೋಡು!"

ಸಂಜೆ ಪುಟ್ಟತಾಯಮ್ಮ ಸುತ್ತಿದ್ದ ಕಾಗದ ಬಿಚ್ಚಿದಳು. ಚಿನ್ನದ ಬಣ್ಣದ ಕಟ್ಟಿನೊಳಗೆ ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು.

"ಇದ್ಯಾರೋ?"

"ಅಪ್ಪ."

"ನಿಮ್ಮಪ್ಪ ಎಲ್ಲೋ, ನನ್ನ ಗಂಡ?"

"ಹುಡುಕೋದ್ಯಾಕವ್ವಾ? ಈಗ ನಮ್ಮ ಕಂಪ್ಯೂಟರಲ್ಲಿ ಇರೋರೆಲ್ಲ ಅಪ್ಪಂದಿರೇ!" ಅಂದ ಮರಿಸ್ವಾಮಿ. ಎಮ್ಮೆಯ ಹಣೆಗೆ ವಿಭೂತಿ ಹಚ್ಚಿ, ಉದ್ದಕ್ಕೆ ಅಡ್ಡಬಿದ್ದು, "ಅಪ್ಪಾ, ಅವ್ವಂಗೆ ಒಳ್ಳೇ ಬುದ್ಧಿ ಕೊಡು!" ಅಂತ ಬೇಡಿಕೊಂಡ.