ಅರಸನ ಕಾಲಡಿಯ ವೀಳ್ಯದ ತೊಟ್ಟು

"ಕೇಳಿರಪ್ಪೋ ಕೇಳಿ, ಕೋಡಿಪುರದ ದೊರೆ ರಾಚನಾಯಕರ ಅಪ್ಪಣೆ. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಪೇಟೆಯ ಯಜಮಾನಿಕೆ, ಜೊತೆಗೆ ಕೇಳಿದ್ದೊಂದು ವರ. ತಪ್ಪು ಹೇಳಿದವರ ತಲೆ ಹುಣ್ಣಿಮೆಯ ದಿನ ಕೋಟೆ ಬಾಗಿಲಲ್ಲಿ ಉರುಳುತ್ತದೆ."

ತಮಟೆಯವನು ಹೀಗೆ ಸಾರಿಕೊಂಡು ಹೋದಾಗ ಕೇಳಲು ಪೇಟೆ ಬೀದಿಯಲ್ಲಿ ಜನವೇ ಇರಲಿಲ್ಲ. ಒಂದು ಕಾಲಕ್ಕೆ ಸಂತೆಯ ದಿನ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಮೇಲೆ ದೊರೆಗೆ ಪೇಟೆಯನ್ನು ಚೊಕ್ಕಟ ಮಾಡುವ ಹುಕಿ ಬಂತು. ಒಳ್ಳೆಯ ಹುಕಿಯೇ, ನಾನು ಬೇಡ ಅನ್ನುವುದಿಲ್ಲ. ಆದರೆ ಮಹಾರಾಯ ಮಾಡಿದ್ದೇನು? ಕಸ ಹಾಕಿದವರಿಂದ ದಂಡ ಎತ್ತುವ ಕೆಲಸವನ್ನು ಮುದ್ದರಾಜನೆಂಬ ಗುತ್ತಿಗೆದಾರನಿಗೆ ಕೊಟ್ಟು, ಬಂದದ್ದರಲ್ಲಿ ಅರ್ಧ ನಿನಗೇ ಅಂದ. ಇದ್ಯಾವ ನ್ಯಾಯ ಎಂದು ಕೇಳಿದ ಪೇಟೆ ಪಂಚಾಯ್ತಿಯ ಹಿರಿಯರನ್ನು ಮನೆಗೆ ಕಳಿಸಿದ. ಮುದ್ದರಾಜ ಮಾಡಿದ ಮೊದಲ ಕೆಲಸವೆಂದರೆ ಬೀದಿಯಲ್ಲಿದ್ದ ಕಸದ ಬುಟ್ಟಿಗಳನ್ನೆಲ್ಲ ಎತ್ತಿಸಿದ್ದು.

ಚಿಕ್ಕತಾಯಿ ಎಂಬ ಹುಡುಗಿಯ ಅಪ್ಪ ಬೋರಯ್ಯ ಆ ಬೀದಿಯಲ್ಲಿ ವೀಳ್ಯದೆಲೆ ಮಾರುತ್ತಿದ್ದ. ಎಲೆ ಮೆಲ್ಲುವವರು ಯಾರೇ ಆಗಲಿ, ತುದಿ ಚಿವುಟಿ, ತೊಟ್ಟು ಮುರಿದು ಆಚೆ ಹಾಕಿಯೇ ಬಾಯಿಗಿಡುವುದು. ಕೈ ತಾನಾಗಿ ಮಾಡುವ ಕೆಲಸ ಅದು. ಇದನ್ನರಿತ ಮುದ್ದರಾಜನ ಆಳುಗಳು ಬೋರಯ್ಯನ ಅಂಗಡಿ ಮುಂದೆಯೇ ಠಿಕಾಣಿ ಹೂಡಿದರು. ಹಳ್ಳಿಯವರ ಕೈಯಿಂದ ತೊಟ್ಟು ಜಾರುವುದೇ ತಡ, ರಟ್ಟೆ ಹಿಡಿಯುತ್ತಿದ್ದರು. ಒಂದು ದಿನ ಬೋರಯ್ಯ ತಡೆಯಲಾರದೆ ಅಡ್ಡ ನಿಂತ. ಅವನನ್ನೇ ಸೆರೆಗೆ ತಳ್ಳಿದರು. ಹುಣ್ಣಿಮೆ ಕಳೆದ ಮೇಲೆ ಕಲ್ಲುಗಣಿಗೆ ಅಟ್ಟುತ್ತೇವೆ ಅಂದರು. ಉಬ್ಬಸದ ಮುದುಕ, ಗಣಿಯ ಧೂಳಿಗೆ ಬಿದ್ದರೆ ಉಳಿಯುವ ಮಾತೇ ಇಲ್ಲ.

ಅದಕ್ಕೇ ತಮಟೆಯ ಸದ್ದು ಕೇಳಿದ್ದೇ ಚಿಕ್ಕತಾಯಿ ಸೆರಗು ಬಿಗಿದು ಕೋಟೆಗೆ ಹೊರಟಳು. ಪಕ್ಕದ ಹೂವಿನಜ್ಜಿ ಕೈ ಹಿಡಿದು ಅತ್ತಳು. ಹೋದರೆ ನನ್ನ ತಲೆ, ಹೋಗದಿದ್ದರೆ ಅಪ್ಪನ ಜೀವ, ಕೂತು ಅಳುವುದಕ್ಕಿಂತ ಹೋಗುವುದೇ ವಾಸಿ ಎಂದು ಅವಳು ಕೈ ಬಿಡಿಸಿಕೊಂಡಳು.

ಓಲಗದಲ್ಲಿ ರಾಚನಾಯಕ ಸಿಂಹಾಸನದ ಮೇಲೆ ಕೂತು ಎಲೆ ಮೆಲ್ಲುತ್ತಿದ್ದ. ಪಕ್ಕದಲ್ಲೇ ಮುದ್ದರಾಜ ಮೀಸೆ ತಿರುವುತ್ತ ನಿಂತಿದ್ದ. ದೊರೆ ಮೊದಲ ಒಗಟು ಹೇಳಿದ. "ಕಾವಲಿಗೆಂದು ನಾಯಿ ಸಾಕಿದೆ. ನಾಯಿಯೂ ಕೊಬ್ಬಿತು, ಕಳ್ಳರೂ ಹೆಚ್ಚಿದರು. ಏಕೆ?"

ಜವಳಿ ಶೆಟ್ಟರ ಮಗ ಮುಂದೆ ಬಂದು, ಪ್ರಭುಗಳ ವೈಭವ ನೋಡುವ ಆಸೆಗೆ ಕಳ್ಳರೂ ಬರುತ್ತಾರೆ ಅಂದ. ಅವನನ್ನು ಎಳೆದುಕೊಂಡು ಹೋದರು. ಆಸ್ಥಾನದ ಜೋಯಿಸರು ಶನಿಯ ಮೇಲೆ ಹಾಕಿದರು. ಅವರನ್ನೂ ಎಳೆದರು. ಬಾಗಿಲ ಬಳಿ ಚಿಕ್ಕತಾಯಿಯನ್ನು ದಾಟುವಾಗ ಜೋಯಿಸರು ಮೆಲ್ಲಗೆ, "ಉತ್ತರ ಎಲ್ಲರಿಗೂ ಗೊತ್ತು ಕಣಮ್ಮ, ಆ ಮೀಸೆಯವನ ಮುಂದೆ ಬಾಯಿ ಬರಬೇಕಲ್ಲ" ಅಂದರು.

ಚಿಕ್ಕತಾಯಿಗೆ ಬಾಯಿ ಬಂತು. "ಕಳ್ಳ ಸಿಕ್ಕಿದ ದಿನ ಮಾತ್ರ ಆ ನಾಯಿಗೆ ಅನ್ನ ಇಟ್ಟಿದ್ದೀರಿ, ಬುದ್ಧಿ. ಕಳ್ಳ ಬರದಿದ್ದರೆ ಅದಕ್ಕೆ ಉಪವಾಸ. ಅದಕ್ಕೇ ತಾನೇ ಬಾಗಿಲು ತೆಗೆದಿಡುತ್ತೆ. ಬೀದಿಯ ಬುಟ್ಟಿಗಳು ಎಲ್ಲಿ ಹೋದವು ಅಂತ ಕೇಳಿ ನೋಡಿ."

ಮುದ್ದರಾಜನ ಕೈ ಮೀಸೆಯಿಂದ ಇಳಿಯಿತು. ದೊರೆ ಅವನ ಮುಖ ನೋಡಿ, ಸರಿಯೆಂದು ತಲೆಯಾಡಿಸಿದ. ನಿಜ ಹೇಳಬೇಕೆಂದರೆ ಉತ್ತರಗಳು ದೊರೆಗೂ ಗೊತ್ತಿರಲಿಲ್ಲ. ನೇರ ಕೇಳಿದರೆ ಎಲ್ಲರೂ ಹೊಗಳುತ್ತಾರೆಂದು ತನ್ನ ಚಿಂತೆಗಳನ್ನೇ ಒಗಟು ಮಾಡಿದ್ದ. ಮೇಲೆ ತಲೆ ತೆಗೆಯುವ ಮಾತು ಸೇರಿಸಿದ್ದ, ಪುಣ್ಯಾತ್ಮ. ಹಾಗೆ ಹೆದರಿಸಿದರೆ ನಿಜ ಹೊರಬರುತ್ತದೆಯೇ?

ಎರಡನೆಯದು ಕೇಳಿದ. "ಕರೆಯದೆ ಬರುತ್ತಿತ್ತು, ಈಗ ಡಂಗುರ ಹೊಡೆದರೂ ಬಾರದು. ಬಂದಾಗ ಊರೆಲ್ಲ ಗದ್ದಲ, ಹೋಗುವಾಗ ಸದ್ದೇ ಇಲ್ಲ. ಅದೇನು?"

"ಸುತ್ತಲ ಹಳ್ಳಿಯ ಜನ" ಅಂದಳು ಚಿಕ್ಕತಾಯಿ. ಅವರೆಲ್ಲ ಈಗ ಹೊಳೆಯಾಚೆಯ ಸಂತೆಗೆ ಹೋಗುತ್ತಾರೆ, ಅವರ ಹಿಂದೆಯೇ ಕುಂಬಾರ, ನೇಕಾರ, ಗಾಡಿಯವರೂ ಹೋದರು, ಸೀಮೆಯ ಏಳಿಗೆಯೆಲ್ಲ ಆ ದಡ ಸೇರಿತು ಎಂದು ಬಿಡಿಸಿ ಹೇಳಿದಳು. ದೊರೆಗೆ ಬಾಯಲ್ಲಿದ್ದ ಎಲೆ ರುಚಿಸಲಿಲ್ಲ. ಇನ್ನೊಂದು ಎಲೆ ತೆಗೆದು ಚಿವುಟುತ್ತ ಮೂರನೆಯದು ಕೇಳಿದ.

"ಊರಿನ ಮೂಲೆಮೂಲೆಯ ಕಸ ಕಾಣುವ ಕಣ್ಣಿಗೆ ಕಾಣದ ಕಸ ಎಲ್ಲಿದೆ?"

ಬಂದಾಗಿನಿಂದ ಚಿಕ್ಕತಾಯಿ ಅದನ್ನೇ ನೋಡುತ್ತಿದ್ದಳು. ಸೀದಾ ಸಿಂಹಾಸನದ ಬುಡಕ್ಕೆ ಹೋಗಿ ಕೂತು, ನೆಲದಲ್ಲಿದ್ದ ತೊಟ್ಟು, ತುದಿಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈ ಚಾಚಿದಳು.

"ಇಲ್ಲಿದೆ, ಬುದ್ಧಿ. ಬೆಳಗಿನಿಂದ ನೀವೇ ಚಿವುಟಿ ಚಿವುಟಿ ಕಾಲಡಿಗೆ ಹಾಕಿದ್ದು. ಇದೇ ತೊಟ್ಟಿಗೆ ನಮ್ಮಪ್ಪ ಸೆರೆಯಲ್ಲಿದ್ದಾನೆ."

ದೊರೆಯನ್ನೇ ಕಳ್ಳ ಮಾಡಿದ ಇವಳ ತಲೆ ಈಗಲೇ ತೆಗೆಯಿರಿ ಎಂದು ಮುದ್ದರಾಜ ಕೂಗಾಡಿದ. ಚಿಕ್ಕತಾಯಿ ಅಂಗೈ ಹಿಂದೆ ತೆಗೆಯಲಿಲ್ಲ.

"ತೆಗೀಲಿ. ಮೊದಲು ದೊರೆಗಳಿಂದ ದಂಡ ತಗೊಂಡು ಆಮೇಲೆ ತೆಗೀಲಿ. ಕಣ್ಣಿಗೆ ತನ್ನ ರೆಪ್ಪೆ ಕಾಣಲ್ಲ, ಬುದ್ಧಿ. ಎದುರಿಗಿರೋರು ಹೇಳಬೇಕು. ಹೇಳೋರನ್ನ ನೀವೇ ಮನೆಗೆ ಕಳಿಸಿಬಿಟ್ರಿ."

ರಾಚನಾಯಕನ ಉಗುರು ಇನ್ನೊಂದು ತೊಟ್ಟಿನ ಮೇಲೆಯೇ ಇತ್ತು. ಅದನ್ನು ನೋಡಿಕೊಂಡು ಅವನಿಗೆ ನಾಚಿಕೆಯಾಯಿತು. ಬೆರಳಿನ ಉಂಗುರ ಬಿಚ್ಚಿ ದಂಡವೆಂದು ಅವಳ ಅಂಗೈಗೆ ಹಾಕಿದ. ಯಜಮಾನಿಕೆ ನಿನ್ನದು, ಅಪ್ಪನ ಬಿಡುಗಡೆಯೇ ನಿನ್ನ ವರ ತಾನೇ ಎಂದು ಕೇಳಿದ.

"ಅಪ್ಪನ್ನ ಬಿಡೋದು ವರ ಅಲ್ಲ, ನ್ಯಾಯ" ಅಂದಳು ಚಿಕ್ಕತಾಯಿ. "ವರ ಬೇರೆ ಇದೆ."

ಅವಳು ಕೇಳಿದಂತೆ ಪಂಚಾಯ್ತಿ ಮತ್ತೆ ಕೂತಿತು. ದಂಡ ಎತ್ತುವವರಿಗೆ ಸಂಬಳ ನಿಗದಿಯಾಯಿತು, ದಂಡದಲ್ಲಿ ಪಾಲು ತಪ್ಪಿತು. ಯಾರಿಗೆ ದಂಡ, ಏಕೆ ದಂಡ ಎಂದು ಪ್ರತಿ ಸಂತೆಗೂ ಪಂಚಾಯ್ತಿಯ ಮುಂದೆ ಅವರು ಉತ್ತರ ಕೊಡಬೇಕಾಯಿತು. ಬುಟ್ಟಿಗಳು ಬಂದವು, ಮುದ್ದರಾಜ ಹೋದ. ಶೆಟ್ಟರ ಮಗನ ತಲೆಯೂ ಜೋಯಿಸರ ತಲೆಯೂ ಉಳಿದವು. ಹೊಳೆ ದಾಟಿ ಹೋಗಿದ್ದ ಗಾಡಿಗಳು ನಿಧಾನವಾಗಿ ತಿರುಗಿದವು.

ಒಂದು ಸಂತೆಯ ದಿನ ದೊರೆಯೇ ಬೋರಯ್ಯನ ಅಂಗಡಿಗೆ ಬಂದ. ಎಲೆ ಕೊಂಡ, ತೊಟ್ಟು ಮುರಿದ. ಬುಟ್ಟಿ ಇದ್ದದ್ದು ಬೀದಿಯ ಆಚೆ, ಸುಡುವ ಬಿಸಿಲಲ್ಲಿ. ಪೇಟೆಯೆಲ್ಲ ನೋಡುತ್ತಿತ್ತು. ದೊರೆ ತೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬೀದಿ ದಾಟಿ, ಬುಟ್ಟಿಗೆ ಹಾಕಿ ಬಂದ. ಆಮೇಲೇ ಬೋರಯ್ಯ ಅವನ ಕೈಗೆ ಅಡಿಕೆ ಕೊಟ್ಟ.