ಮಡಿಸದೆಲೆ ಬಯಲು

ಕಣಿವೆಹಟ್ಟಿ ಮೀಸಲು ಕಾಡಿನ ಗೇಟು ದಾಟಿ ಕಾಲುದಾರಿ ಹಿಡಿದು ಹೋದರೆ, ಕಮರ ಮತ್ತು ದಿಂಡಿಗದ ಮರಗಳ ನಡುವೆ ಒಂದು ಬಯಲು ಸಿಗುತ್ತದೆ. ದೊಡ್ಡ ಬಯಲೇನಲ್ಲ, ಒಂದು ಊರಿನವರು ಎದುರುಬದುರು ಸಾಲಾಗಿ ಕೂತು ಉಣ್ಣುವಷ್ಟು ಜಾಗ. ತಿಂಗಳಿಗೊಂದು ಭಾನುವಾರ ಸುತ್ತಲಿನ ಊರುಗಳ ಜನ ಮಕ್ಕಳು ಮರಿಗಳೊಂದಿಗೆ ಇಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಹಕ್ಕಿ ನೋಡುತ್ತಾರೆ. ಆಮೇಲೆ ಲಂಟಾನದ ಪೊದೆ ಕಿತ್ತು, ಬೀಜದುಂಡೆ ಕಟ್ಟಿ ನೆರಳಿನಲ್ಲಿ ಒಣಗಲು ಇಡುತ್ತಾರೆ. ಬಿಸಿಲೇರಿದ ಮೇಲೆ ಹಗ್ಗಜಗ್ಗಾಟ, ಲಗೋರಿ. ಅರಣ್ಯ ರಕ್ಷಕರೂ ಟೋಪಿ ತೆಗೆದಿಟ್ಟು ಮಕ್ಕಳ ಪಕ್ಷಕ್ಕೆ ಸೇರಿ ಸೋಲುವುದುಂಟು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಮುತ್ತುಗದ ಎಲೆಯಲ್ಲಿ ಉಣ್ಣುತ್ತಾರೆ. ದಾರಿಯ ತಿರುವಿನಲ್ಲಿ ನಿಲ್ಲಿಸಿದ ಹಸಿರು ಫಲಕದ ಮೇಲೆ ‘ಮಡಿಸದೆಲೆ ಬಯಲು’ ಎಂದು ಬರೆದಿದೆ. ಹೊಸಬರು ಅದೊಂದು ಮರದ ಹೆಸರಿರಬೇಕೆಂದು ಸುತ್ತಲೂ ಹುಡುಕುತ್ತಾರೆ. ಮರದ ಹೆಸರಲ್ಲ, ಅದು ಊಟದ ಎಲೆ. ಸಾಲು ಮುಗಿಯುವಲ್ಲಿ ನೆಲಕ್ಕೆ ಸಮನಾಗಿ ಒಂದು ಚಪ್ಪಟೆ ಕಲ್ಲಿದೆ. ಎಲ್ಲರಿಗಿಂತ ಮೊದಲು ಅದರ ಮುಂದೆ ಒಂದು ಸಣ್ಣ ಎಲೆ ಹಾಕಿ ಬಡಿಸುತ್ತಾರೆ. ಊಟವಾದ ಮೇಲೆ ಉಳಿದವರು ತಂತಮ್ಮ ಎಲೆ ಮಡಿಸುತ್ತಾರೆ. ಆ ಎಲೆಯನ್ನು ಮಾತ್ರ ಯಾರೂ ಮಡಿಸುವುದಿಲ್ಲ.

ಹಿಂದೆ ಒಮ್ಮೆ, ಕಣಿವೆಹಟ್ಟಿ ಇನ್ನೂ ಬೇಲಿಯೊಳಗಿನ ಸಣ್ಣ ಊರಾಗಿದ್ದ ಕಾಲದಲ್ಲಿ, ಅಲ್ಲೊಂದು ಜ್ವರ ಬಂತು ಎನ್ನುತ್ತಾರೆ. ಅಂಥ ಕಾಲಕ್ಕೆ ಊರವರು ಹೊರಬೀಡು ಹೋಗುತ್ತಿದ್ದರು. ಒಂದು ದಿನದ ಮಟ್ಟಿಗೆ ಊರನ್ನು ಪೂರ್ತಿ ಬರಿದು ಮಾಡುವುದು ಅದರ ಕ್ರಮ. ಒಲೆಯ ಕೆಂಡಕ್ಕೆ ನೀರು ಹಾಕಿ, ದನಕರು, ಹಸುಗೂಸು, ಹಾಸಿಗೆ ಹಿಡಿದ ಮುದುಕರನ್ನೂ ಬಿಡದೆ ಎಲ್ಲರೂ ಹೊರಟು, ಊರಬಾಗಿಲಿಗೆ ಜಾಲಿಮುಳ್ಳು ಎಳೆದು ಕಾಡಿಗೆ ಹೋಗುತ್ತಿದ್ದರು. ಬಂದ ರೋಗಕ್ಕೆ ಊರಿನಲ್ಲಿ ಹಿಡಿಯಲು ಯಾರೂ ಸಿಗದೆ ಅದು ತಾನಾಗಿ ಹೊರಟುಹೋಗಲಿ ಎಂಬುದು ಲೆಕ್ಕ. ಆದರೆ ಕಾಡಿಗೆ ಹೋದವರು ಅಳುತ್ತಾ ಕೂರುವಂತಿರಲಿಲ್ಲ. ಮರಕ್ಕೆ ಉಯ್ಯಾಲೆ ಕಟ್ಟಬೇಕು, ಗಂಡಸರು ಬುಗುರಿ ಆಡಬೇಕು, ಹೆಂಗಸರು ಹಾಡಬೇಕು, ಮೂರು ಕಲ್ಲಿಟ್ಟು ಅಡುಗೆ ಮಾಡಿ ಒಂದೇ ಸಾಲಿನಲ್ಲಿ ಉಣ್ಣಬೇಕು. ಹೊತ್ತು ಇಳಿಯುವ ಮುಂಚೆ ಪ್ರತಿಯೊಬ್ಬರೂ ತಮ್ಮ ಎಲೆಯನ್ನು ತಾವೇ ಮಡಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಒಬ್ಬರ ಎಲೆಯನ್ನು ಇನ್ನೊಬ್ಬರು ಮಡಿಸುವಂತಿಲ್ಲ; ಕೈಲಾಗದ ಮಗುವಿನ ಎಲೆಯಾದರೆ ತಾಯಿ ಮಡಿಸಬಹುದು. ಮಡಿಸಿದ ಎಲೆಯೆಂದರೆ ಉಂಡು ಎದ್ದಾಯಿತೆಂದು ಅರ್ಥ. ಮಡಿಸದೆ ಬಿಟ್ಟರೆ ಉಣ್ಣುವವರು ಇನ್ನೂ ಅಲ್ಲೇ ಕೂತಿದ್ದಾರೆಂದು ಅರ್ಥ.

ಆ ಊರಿನಲ್ಲಿ ಬೋರಕ್ಕ ಎಂಬ ಹೆಂಗಸಿದ್ದಳು. ಗಂಡ ಓಬಳ ಕುರಿ ಕಾಯುವವನು. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳಾದ ಹೊನ್ನಿ ಅದೇ ಜ್ವರದಲ್ಲಿ ತೀರಿಕೊಂಡಿದ್ದಳು. ಚಿಕ್ಕವಳು ಚೌಡಿ, ಆಗಷ್ಟೇ ಮಾತು ಕಲಿಯುತ್ತಿದ್ದ ಕೂಸು. ಹೊರಬೀಡಿನ ಹಿಂದಿನ ಸಂಜೆ ಊರಿನ ಹೆಂಗಸರೆಲ್ಲ ಜಗಲಿಯ ಮೇಲೆ ಕೂತು ಎಲೆ ಹಚ್ಚಿದಂತೆ ಬೋರಕ್ಕನೂ ಹಚ್ಚಿದಳು. ಮುತ್ತುಗದ ಎಲೆಗಳನ್ನು ಒಂದರ ಅಂಚಿಗೊಂದು ಜೋಡಿಸಿ ಸಣ್ಣ ಕಡ್ಡಿ ಚುಚ್ಚುತ್ತಾ ಹೋಗುವ ಕೆಲಸಕ್ಕೆ ಕಣ್ಣೂ ಬೇಡ, ಮನಸ್ಸೂ ಬೇಡ. ಓಬಳನಿಗೆ ದೊಡ್ಡದು, ತನಗೊಂದು, ಚೌಡಿ ತಾಯಿಯ ಎಲೆಯಲ್ಲೇ ಉಣ್ಣುತ್ತಾಳೆ; ಕೊನೆಗೆ ಕೈ ತಾನಾಗಿಯೇ ಇನ್ನೊಂದು ಸಣ್ಣ ಎಲೆ ಹಚ್ಚಿ ಮುಗಿಸಿತ್ತು. ಅದು ಆಕೆಗೆ ತಿಳಿದದ್ದು ಮರುದಿನ ಬಯಲಿನಲ್ಲಿ ಕಟ್ಟು ಬಿಚ್ಚಿದಾಗ. ಮತ್ತೆ ಕಟ್ಟಿನೊಳಗೆ ಇಟ್ಟುಬಿಡಬಹುದಿತ್ತು. ಬೋರಕ್ಕ ಹಾಗೆ ಮಾಡಲಿಲ್ಲ. ಸಾಲಿನ ತುದಿಯಲ್ಲಿ ತನ್ನ ಪಕ್ಕಕ್ಕೆ ಆ ಎಲೆಯನ್ನು ಹಾಕಿ, ನೀರು ಚಿಮುಕಿಸಿ, ಒರೆಸಿದಳು.

ಬಡಿಸುವವರು ಯಾರ ಮುಖವನ್ನೂ ನೋಡುವಂತಿರಲಿಲ್ಲ; ಎಲೆ ನೋಡಿ ಬಡಿಸುವುದು ಆ ದಿನದ ನಿಯಮ. ಬಡವರು ಬಲ್ಲಿದರೆಂಬ ಭೇದ ಬರಬಾರದೆಂದು ಹಿರಿಯರು ಮಾಡಿದ್ದು. ಹಾಗಾಗಿ ಬೋರಕ್ಕನ ಮೈದುನ ಕೆಂಚ ತಲೆ ತಗ್ಗಿಸಿಕೊಂಡು ಬಂದವನು ಆ ಎಲೆಗೂ ನವಣೆ ಅನ್ನ, ಹುರುಳಿ ಸಾರು ಬಡಿಸಿ ಮುಂದೆ ಹೋದ. ಜನ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಊರಿನ ಗೌಡ ಹುಗ್ಗಿಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವುದನ್ನು ನೋಡಿ ಹಿರಿಯಳಾದ ನಿಂಗಜ್ಜಿ, “ಜ್ವರ ಊರು ಬಿಡೋದು ಗೊತ್ತಿಲ್ಲ ಕಣಪ್ಪ, ಈ ಗೌಡ ಎಲೆ ಬಿಡೋ ಹಂಗೆ ಕಾಣಲ್ಲ” ಎಂದಳಂತೆ. ಸಾಲಿಗೆ ಸಾಲೇ ನಕ್ಕಿತು. ಬೋರಕ್ಕ ಚೌಡಿಯ ಕೈ ತೊಳೆಸಲು ನೀರಿನ ಗಡಿಗೆಯ ಕಡೆಗೆ ಹೋದಳು. ತಿರುಗಿ ಬಂದು ನೋಡಿದರೆ ಸಣ್ಣ ಎಲೆಯ ಮೇಲಿನ ಅನ್ನ ಅರ್ಧ ಕರಗಿತ್ತು. ಕಾಗೆ ಕುಕ್ಕಿದ್ದಲ್ಲ, ನಾಯಿ ಮುಟ್ಟಿದ್ದಲ್ಲ. ಅನ್ನವನ್ನು ಅಂಚಿನಿಂದ ಒಳಗೆ ಸರಿಸುತ್ತಾ ನೀಟಾಗಿ ಉಂಡಂತಿತ್ತು. ಸಾರಿನಲ್ಲಿದ್ದ ಬೆಳ್ಳುಳ್ಳಿ ಎಸಳುಗಳು ಎಲೆಯ ಎಡಗಡೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು. ಹೊನ್ನಿ ಬೆಳ್ಳುಳ್ಳಿ ತಿನ್ನುತ್ತಿರಲಿಲ್ಲ. ಆರಿಸಿ ಆರಿಸಿ ಹಾಗೆ ಎಡಕ್ಕೆ ಜೋಡಿಸುತ್ತಿದ್ದಳು. ಅದಕ್ಕಾಗಿ ಬೋರಕ್ಕನಿಂದ ಎಷ್ಟೋ ಸಲ ಬೈಸಿಕೊಂಡಿದ್ದಳು. ಎಲೆಯ ಮುಂದಿನ ಹುಲ್ಲು, ಯಾರೋ ಚಕ್ಕಳಮಕ್ಕಳ ಹಾಕಿ ಕೂತಷ್ಟು ಅಗಲಕ್ಕೆ, ಒತ್ತಿ ಮಲಗಿತ್ತು.

ಮಾತು ಸಾಲಿನುದ್ದಕ್ಕೂ ಹರಿಯಿತು. ಯಾರೂ ಕೂಗಲಿಲ್ಲ. ಒಬ್ಬೊಬ್ಬರಾಗಿ ಎಲೆ ಮಡಿಸಿ ಗುಂಡಿಗೆ ಹಾಕಿ, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ದೂರ ನಿಂತರು. ಗೌಡ ನಿಂಗಜ್ಜಿಯ ಮುಖ ನೋಡಿದ. ಮುದುಕಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. “ಮಡಚವ್ವ. ತಾಯಿ ಮಡಚಬೌದು, ತಪ್ಪಿಲ್ಲ. ಹೊತ್ತು ಇಳೀತಾ ಐತೆ” ಎಂದಳು. ಬೋರಕ್ಕ ಎಲೆಯಿಂದ ಕಣ್ಣು ತೆಗೆಯದೆ, “ಅವಳಿಗೆ ನಿಧಾನ ಅಜ್ಜಿ. ಮನೆಯಾಗೂ ಕೊನೆಗೆ ಏಳೋಳು ಅವಳೇ” ಎಂದಳು. ಓಬಳ ಬಂದು ಬೇಡಿಕೊಂಡ. ಇರುವ ಒಂದು ಮಗುವಿನ ಮುಖ ನೋಡು ಎಂದ. ಬೋರಕ್ಕನಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಬರಿಗೈಯಲ್ಲಿ ಊರಿಗೆ ಹಿಂತಿರುಗುವುದು ತನ್ನಿಂದಾಗದು ಎಂಬುದಷ್ಟೇ ಆಕೆಗೆ ಗೊತ್ತಿತ್ತು. ಬಾಗಿ ಒತ್ತಿದ ಹುಲ್ಲಿನ ಕಡೆಗೆ ಮೆಲ್ಲಗೆ, “ಉಂಡಾದ ಮೇಲೆ ಮನೆಗೆ ಹೋಗಾನ ಮಗಾ, ತಂಗೀನೂ ಕರ್ಕೊ” ಎಂದಳು.

ಅದನ್ನು ಹೇಳಬಾರದಿತ್ತು ಎನ್ನುತ್ತಾರೆ ಹಿರಿಯರು. ಹೇಳಿ ಕತ್ತು ಎತ್ತುವಷ್ಟರಲ್ಲಿ ಒತ್ತಿದ್ದ ಹುಲ್ಲು ಒಂದೊಂದೇ ಎಳೆಯಾಗಿ ಎದ್ದು ನಿಲ್ಲುತ್ತಿತ್ತು. ಪಕ್ಕದಲ್ಲಿದ್ದ ಚೌಡಿ ಕಾಣಲಿಲ್ಲ. ಬಯಲಿನ ಆಚೆ ತುದಿಯಲ್ಲಿ ಮಗು ನಡೆದು ಹೋಗುತ್ತಿತ್ತು. ಒಂದು ಕೈ ಮೇಲಕ್ಕೆ ಚಾಚಿತ್ತು, ತನಗಿಂತ ದೊಡ್ಡವರ ಬೆರಳು ಹಿಡಿದು ನಡೆಯುವ ಕೂಸು ಚಾಚುವ ಹಾಗೆ. ಆಗಾಗ ಮೇಲೆ ನೋಡಿ ಏನೋ ಹೇಳಿ ನಗುತ್ತಿತ್ತು. ಊರಿನ ದಾರಿ ಪಡುವಣಕ್ಕಿತ್ತು. ಮಗು ಹೋಗುತ್ತಿದ್ದದ್ದು ಮೂಡಣಕ್ಕೆ, ಮರಗಳು ದಟ್ಟವಾಗುವ ಕಡೆಗೆ. ಹೊನ್ನಿಯನ್ನು ಮಣ್ಣು ಮಾಡಿದ್ದು ಆ ಕಡೆ. ಮನೆಗೆ ಹೋಗೋಣ ಎಂದು ಬೋರಕ್ಕ ಹೇಳಿದ್ದಳು, ಮಗಳು ಹೇಳಿದ ಮಾತು ಕೇಳಿದ್ದಳು. ಅವಳ ಮನೆ ಈಗ ಎಲ್ಲಿದೆ ಎಂಬುದನ್ನು ತಾಯಿಯೇ ಮರೆತಿದ್ದಳು.

ಓಬಳ ಓಡಿದ. ಕೆಂಚ ಓಡಿದ. ಕುರಿಯ ಹಿಂದೆ ಗುಡ್ಡ ಹತ್ತಿ ಇಳಿಯುವ ಗಂಡಸರು ಎಷ್ಟು ಓಡಿದರೂ, ತೊದಲು ಹೆಜ್ಜೆಯ ಆ ಮಗುವಿಗೂ ಅವರಿಗೂ ನಡುವಿನ ದೂರ ಇದ್ದಷ್ಟೇ ಇತ್ತಂತೆ. ಹಿಂದಿನಿಂದ ಎಲ್ಲರೂ ಎಲೆ ಮಡಚು, ಎಲೆ ಮಡಚು ಎಂದು ಬೋರಕ್ಕನನ್ನು ಒತ್ತಾಯಿಸತೊಡಗಿದರು. ಬೋರಕ್ಕ ಎಲೆಯ ಅಂಚಿಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಮಡಿಸಿದರೆ ಊಟ ಮುಗಿಯಿತು. ಊಟ ಮುಗಿದವಳು ಹೊರಡುತ್ತಾಳೆ. ಹಿಡಿದ ಕೈಯನ್ನು ಹಿಡಿದುಕೊಂಡೇ ಹೊರಡುತ್ತಾಳೆ. ಊಟ ಮುಗಿಯದವಳಾದರೆ ಎಲೆಗೆ ಹಿಂತಿರುಗಬೇಕು. ಇಷ್ಟನ್ನು ಅವಳು ಯೋಚಿಸಿದಳೋ, ಕೈಯೇ ಯೋಚಿಸಿತೋ, ಹೇಳುವವರಿಲ್ಲ. ಬೋರಕ್ಕ ಅಂಚು ಬಿಟ್ಟು, ಹುಗ್ಗಿಯ ಪಾತ್ರೆಯನ್ನು ಎಳೆದುಕೊಂಡು, ತಳದಲ್ಲಿ ಉಳಿದಿದ್ದ ಬೆಲ್ಲದ ಹುಗ್ಗಿಯನ್ನು ಬಳಿದು ಸಣ್ಣ ಎಲೆಯ ನಡುವಿಗೆ ಬಡಿಸಿದಳು. ಆಮೇಲೆ ದಿನಾ ಹೊಸ್ತಿಲಲ್ಲಿ ನಿಂತು ಕರೆಯುವ ದನಿಯಲ್ಲೇ, ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಕರೆದಳು.

“ಹೊನ್ನೀ, ಎಲೆ ಬಿಟ್ಟು ಎದ್ದು ಹೋಗಬಾರದು ಅಂತ ಎಷ್ಟು ಸಲ ಹೇಳಿಲ್ಲ. ಹುಗ್ಗಿ ಬಡಿಸಿದೀನಿ, ಬಾ. ತಂಗಿ ಕೈ ಬಿಡು, ನಿಂದು ಎಂಜಲು ಕೈ.”

ಮರಗಳ ಸಾಲಿನ ಹತ್ತಿರ ಚೌಡಿಯ ಚಾಚಿದ ಕೈ ಪಟ್ಟನೆ ಕೆಳಗೆ ಬಿತ್ತು. ಮಗು ಅತ್ತಿತ್ತ ನೋಡಿ, ಯಾರೂ ಕಾಣದೆ, ಅಳತೊಡಗಿತು. ಓಬಳ ಹೋಗಿ ಎತ್ತಿಕೊಂಡ. ಈ ಸಲ ಓಡಿದಷ್ಟೂ ದೂರ ಸವೆದಿತ್ತು. ಇಲ್ಲಿ ಬೋರಕ್ಕನ ಮುಂದೆ ಹುಲ್ಲು ಮತ್ತೆ ಮೆಲ್ಲಗೆ ಬಾಗಿ ಮಲಗಿತು. ಹುಗ್ಗಿಯ ಮೇಲೆ ಒಂದು ಸಣ್ಣ ಬೆರಳಿನ ಗೆರೆ ಮೂಡಿದ್ದನ್ನು ನಿಂಗಜ್ಜಿಯೂ ನೋಡಿದಳು. ಮಡಚು ಎಂದು ಆಮೇಲೆ ಅವಳು ಹೇಳಲಿಲ್ಲ. ಬೋರಕ್ಕ ಗಾಳಿಗೆ ಎಲೆ ಹಾರದಂತೆ ಅಂಚಿಗೆ ಒಂದು ಬೆಣಚುಕಲ್ಲು ಇಟ್ಟಳು. “ನೀನು ನಿಧಾನಕ್ಕೆ ಉಣ್ಣು. ಮನೆಗೆ ಕರಿಯಲ್ಲ, ಎಲೆ ಮಡಚಲ್ಲ. ಮುಂದಿನ ವರ್ಷ ಬಂದು ಬಡಿಸ್ತೀನಿ” ಎಂದು ಹೇಳಿ ಎದ್ದಳು. ಎಲ್ಲರ ಹಿಂದೆ ನಡೆದಳು. ಊರಬಾಗಿಲ ಮುಳ್ಳು ಸರಿಸಿ ಒಳಗೆ ಹೋಗುವವರೆಗೂ ತಿರುಗಿ ನೋಡಲಿಲ್ಲ. ಮನೆಯಲ್ಲಿ ಹೊಸ ಬೆಂಕಿ ಹೊತ್ತಿಸಿ ಅದರ ಬೆಳಕಿನಲ್ಲಿ ಮಗುವನ್ನು ಮಡಿಲಿಗೆ ಹಾಕಿಕೊಂಡಾಗ, ತಾನೇ ತೊಳೆಸಿದ್ದ ಆ ಪುಟ್ಟ ಅಂಗೈಯಲ್ಲಿ ನವಣೆಯ ಅಗುಳು ಅಂಟಿಕೊಂಡು ಒಣಗಿತ್ತು. ಬೋರಕ್ಕ ಅದನ್ನು ತೊಳೆಯಲಿಲ್ಲ. ತಾನಾಗಿ ಉದುರಲಿ ಎಂದು ಬಿಟ್ಟಳು.

ಜ್ವರ ಅಂದಿನಿಂದಲೇ ನಿಂತಿತು ಎನ್ನುವವರಿದ್ದಾರೆ. ಆಮೇಲೂ ಕೆಲವರನ್ನು ಕೊಂಡೊಯ್ದಿತೆಂದು ಹೇಳುವವರೂ ಇದ್ದಾರೆ. ಇದರಲ್ಲಿ ಯಾವುದು ನಿಜವೆಂದು ಈಗ ತಿಳಿಯುವಂತಿಲ್ಲ. ಬೋರಕ್ಕ ಮಾತ್ರ ಬದುಕಿರುವವರೆಗೂ ವರ್ಷಕ್ಕೊಮ್ಮೆ ಬಂದು, ಅದೇ ಅಳತೆಯ ಸಣ್ಣ ಎಲೆ ಹಾಕಿ ಬಡಿಸಿ ಹೋಗುತ್ತಿದ್ದಳು. ತಾನು ಮುದುಕಿಯಾದರೂ ಎಲೆಯನ್ನು ದೊಡ್ಡದು ಮಾಡಲಿಲ್ಲ. ಅವಳ ನಂತರ ಚೌಡಿ, ಚೌಡಿಯ ನಂತರ ಅವಳ ಸೊಸೆಯಂದಿರು. ಚಪ್ಪಟೆ ಕಲ್ಲು ಹಾಕಿಸಿದವಳು ಚೌಡಿಯೇ. ತನಗಿಂತ ದೊಡ್ಡವಳಾಗಿದ್ದ ಅಕ್ಕ ತನ್ನ ಮೊಮ್ಮಕ್ಕಳಿಗಿಂತ ಚಿಕ್ಕವಳಾಗಿ ಉಳಿದದ್ದನ್ನು ನೆನೆದು, ನೆಲ ತಂಪಾಗಿರುತ್ತದೆ, ಕೂತುಕೊಳ್ಳಲು ಏನಾದರೂ ಇರಲಿ ಎಂದಳಂತೆ.

ಈಗ ಹೊರಬೀಡು ಇಲ್ಲ. ಕಾಡಿಗೆ ಬೇಲಿ ಬಂದಿದೆ, ಗೇಟಿನಲ್ಲಿ ಸಮಯದ ಫಲಕವಿದೆ. ಆದರೂ ಭಾನುವಾರದ ಊಟಕ್ಕೆ ಕಣಿವೆಹಟ್ಟಿಯ ಹೆಂಗಸರೇ ಎಲೆ ಹಚ್ಚಿ ತರುತ್ತಾರೆ, ಕಟ್ಟಿನ ಕೊನೆಯಲ್ಲಿ ಸಣ್ಣದೊಂದು ಇದ್ದೇ ಇರುತ್ತದೆ. ಸಂಜೆ ಜಾಗ ಗುಡಿಸಿ, ಎಲೆಗಳನ್ನು ಗುಂಡಿಗೆ ಹಾಕಿ, ಬೆಣಚುಕಲ್ಲಿನ ಕೆಳಗಿನ ಆ ಒಂದನ್ನು ಬಿಟ್ಟು ಎಲ್ಲರೂ ಹೊರಡುತ್ತಾರೆ. ಬೆಳಿಗ್ಗೆ ಗಸ್ತಿಗೆ ಬರುವ ರಕ್ಷಕರು ಎಲೆ ಬರಿದಾಗಿರುವುದನ್ನು ನೋಡಿ ಅಳಿಲೋ ಮುಂಗುಸಿಯೋ ತಿಂದಿರಬೇಕು ಎನ್ನುತ್ತಾರೆ. ಎಡಗಡೆಯ ಅಂಚಿನಲ್ಲಿ ಸಾಲಾಗಿ ಕೂತ ಬೆಳ್ಳುಳ್ಳಿಯ ಬಗ್ಗೆ ಅವರು ಏನೂ ಹೇಳುವುದಿಲ್ಲ. ಹೊರಗಿನಿಂದ ಬಂದವರು ಗಮನಿಸಬಹುದಾದದ್ದು ಇನ್ನೊಂದಿದೆ. ಊಟಕ್ಕೆ ಕೂರುವಾಗ ದೊಡ್ಡವರು ಕಲ್ಲಿನ ಪಕ್ಕದ ಜಾಗವನ್ನು ತಪ್ಪಿಸಿ ಕೂರುತ್ತಾರೆ, ಹಾಗಾಗಿ ಅಲ್ಲಿಗೆ ಬರುವುದು ಯಾವಾಗಲೂ ಸಣ್ಣ ಮಕ್ಕಳು. ಈ ಕಥೆ ಕೇಳದ ಮಕ್ಕಳು, ಬೇರೆ ಊರಿನ ಮಕ್ಕಳು. ಬಡಿಸುವುದು ಶುರುವಾದಾಗ ಆ ಮಕ್ಕಳು ಯಾರೂ ಹೇಳದೆಯೇ ಮೊಣಕಾಲು ಒಳಗೆ ಎಳೆದುಕೊಂಡು, ಸ್ವಲ್ಪ ಸರಿದು, ಪಕ್ಕದಲ್ಲಿ ಕೂತವರಿಗೆ ಜಾಗ ಬಿಡುತ್ತಾರೆ.